ಮೂರನೆಯ ಸದ್ದು

ಹೊಸ ಗ್ರಾಫಿಕ್ಸ್ ಕಾರ್ಡು ಕೂರಿಸಿದ ರಾತ್ರಿಯೇ
ಡಬ್ಬ ಮಾತಾಡತೊಡಗಿತು.
ಇಟ್ಟಿಗೆಯಷ್ಟು ಭಾರ, ಐದು ತಿಂಗಳ ಉಳಿತಾಯ,
ಅದರ ಹೊಟ್ಟೆಗೆಂದೇ ದೊಡ್ಡದೊಂದು ಪವರ್ ಸಪ್ಲೈ.
ಹೊಸತರಲ್ಲಿ ಅಗಸ ಎತ್ತೆತ್ತಿ ಒಗೆಯುತ್ತಾನೆ,
ಎರಡು ದಿನಕ್ಕೆ ತಾನೇ ತಣ್ಣಗಾಗುತ್ತಾನೆ
ಎಂದುಕೊಂಡು ಮಲಗಿದೆ.

ತಣ್ಣಗಾಗಲಿಲ್ಲ.

ಅಡುಗೆಮನೆ ಬಿಡಿಸುವುದು ನನ್ನ ಕಸುಬು.
ಇನ್ನೂ ಕಟ್ಟದ, ಯಾರೂ ಒಗ್ಗರಣೆ ಹಾಕದ ಅಡುಗೆಮನೆಗಳು.
ಗಾಜಿನ ಲೋಟದ ಮೇಲೆ ಬೆಳಗಿನ ಎಂಟರ ಬಿಸಿಲು ಬೀಳಬೇಕು;
ಅದನ್ನು ನಾನು ರಾತ್ರಿ ಎರಡಕ್ಕೆ
ವುಚ್ ಪಟ್ಟಣದ ನಾಲ್ಕನೇ ಮಹಡಿಯಲ್ಲಿ ಕೂತು ಬೀಳಿಸುತ್ತೇನೆ.
ಈ ಊರ ಹೆಸರಿಗೆ ದೋಣಿ ಎಂದರ್ಥ.
ಹೊಳೆಗಳೆಲ್ಲ ರಸ್ತೆಯಡಿಯ ಕೊಳವೆಯಲ್ಲಿ.

ಪಕ್ಕದ ತಗಡು ಬಿಚ್ಚಿದೆ.
ಪೆನ್ಸಿಲ್ ತುದಿಯಿಂದ ಒಂದೊಂದೇ ಫ್ಯಾನು ತಡೆದೆ.
ಒಂದನ್ನು ಹಿಡಿದರೆ ಇನ್ನೊಂದು ಎಂದಿತು ಟಿಕ್ ಟಿಕ್,
ಅದನ್ನೂ ಹಿಡಿದರೆ ತಳದಿಂದ ಗುಂಯ್,
ಎಲ್ಲದರ ಮೇಲೆ ಎಳೆಯಂಥ ಒಂದು ಸಿಳ್ಳೆ.

ಮೂರನೆಯ ಸಂಜೆ ಕೆಳಮನೆಯ ಪಾನಿ ಗೆನೊವೆಫಾ
ಕದ ಬಡಿದಳು. ಎಂಬತ್ತೊಂದು ವಯಸ್ಸು.
ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗ ರಿಪೇರಿ ಮಾಡಿ
ಕಿವಿ ಎರಡನ್ನೂ ಅಲ್ಲೇ ಬಿಟ್ಟು ಬಂದವಳು.
'ಸೆವೆರಿನ್, ನಿನ್ನ ಮನೆಯಲ್ಲಿ ಏನೋ ಸಡಿಲಾಗಿದೆ.'
ನಿಮಗೆ ಕೇಳಿಸಿತೇ?
'ಕೇಳಿಸುವುದೆಲ್ಲಿ ಬಂತು. ಮಂಚದ ಕಾಲು ಹೇಳಿತು.'

ನೆಲಕ್ಕೆ ಕೂತು, ಬೇರೆಯವರು ಗೋಡೆಗೆ ಕಿವಿಯಿಡುವ ಹಾಗೆ
ಡಬ್ಬಕ್ಕೆ ಅಂಗೈ ಇಟ್ಟಳು.
'ಇಲ್ಲೊಂದು ದಾರ ತಾಗುತ್ತಿದೆ.'
ದಾರವಲ್ಲ, ಕೇಬಲ್ಲು ಎಂದೆ. ತುಟಿ ನೋಡಿದಳು, ಲೆಕ್ಕಿಸಲಿಲ್ಲ.
ಫ್ಯಾನಿನ ರೆಕ್ಕೆಗೆ ಸವರುತ್ತಿದ್ದ ಆ ತೆಳು ತಂತಿಯನ್ನು
ಜೇಬಿನಿಂದ ತೆಗೆದ ನೂಲಲ್ಲಿ ಹಿಂದಕ್ಕೆ ಕಟ್ಟಿದಳು.
ಆ ಗಂಟು ಬಿಚ್ಚಲು ನನಗೆ ಇವತ್ತಿಗೂ ಬಾರದು.

ಆಮೇಲೆ ಬೆರಳು ಕೆಳಗಿಳಿಯಿತು.
ಹನ್ನೊಂದು ವರ್ಷದ ಹಳೇ ಡಿಸ್ಕು. ಉದ್ದನೆಯ ಕಾರ್ಡಿಗೆ ಜಾಗ ಬಿಡಿಸಲು
ತಳಕ್ಕೆ ತಳ್ಳಿ, ಸೋಮಾರಿತನಕ್ಕೆ ಎರಡೇ ಸ್ಕ್ರೂ ಹಾಕಿದ್ದೆ.
ಅವಳು ನನ್ನನ್ನು ನೋಡಿದ ರೀತಿಗೆ
ಉಳಿದೆರಡು ತಾವಾಗೇ ಸಿಕ್ಕವು.
ಎಡಗಾಲಿನ ಚಪ್ಪಲಿಯೊಳಗಿನ ಉಣ್ಣೆಯ ಮೆತ್ತೆ ಕಿತ್ತು
ಕತ್ತರಿಸಿ ಅಡಿಗಿಟ್ಟಳು. ನೆಲ ಸುಮ್ಮನಾಯಿತು.

'ಮುಗಿಯಿತು.'
ಇಲ್ಲ, ಇನ್ನೊಂದಿದೆ, ಸಿಳ್ಳೆ. ನೋಡಿ, ಬೆಳಕು ಬಿಡಿಸಲು ಹಚ್ಚುತ್ತೇನೆ.
ಅಂಗೈ ಇಟ್ಟಳು. ಉಗುರಿನ ಬೆನ್ನು ತಾಗಿಸಿದಳು.
ಕೊನೆಗೆ ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿ
ಅದರ ಇನ್ನೊಂದು ತುದಿ ಕಾರ್ಡಿನ ಬೆನ್ನಿಗೊತ್ತಿ ಕಣ್ಣು ಮುಚ್ಚಿದಳು.
'ಅಂಥ ಸದ್ದೇ ಇಲ್ಲ.'

ಇದೆ. ಇದು ಫ್ಯಾನಲ್ಲ, ಸುರುಳಿ ತಂತಿ ಅದುರುವುದು,
ಕರೆಂಟು ಜಗ್ಗಿದಾಗೆಲ್ಲ ಹಾಡುವುದು.
'ಹೇಗಿದೆ? ಹೇಳು.'
ಕಿವುಡಿಗೆ ಸಿಳ್ಳೆಯನ್ನು ಹೇಗೆ ಹೇಳುವುದು?
ಸೂಜಿ ಎಂದೆ. ಸೂಜಿಗಿಂತ ಸಣ್ಣ.
ಒಂದೇ ಕಡೆಯಿಂದ ಬರುವುದಿಲ್ಲ ಎಂದೆ,
ದಿಂಬು ಮುಚ್ಚಿಕೊಂಡರೆ ಇನ್ನೂ ಹತ್ತಿರ,
ಗೋಡೆ ಬಿಡಿಸುವಾಗ ಕಡಿಮೆ, ಗಾಜು ಬಿಡಿಸುವಾಗ ಹೆಚ್ಚು.

ತುಟಿಯಿಂದ ಕಣ್ಣು ತೆಗೆಯದೆ ಎಲ್ಲ ಓದಿಕೊಂಡಳು.
'ಅದಾ,' ಎಂದಳು.
ಕಳೆದುಹೋದ ಪಾತ್ರೆ ನೆರೆಮನೆಯಲ್ಲಿ ಕಂಡವರ ಹಾಗೆ.
'ಅದು ನನ್ನ ಹತ್ತಿರವೂ ಇದೆ. ಇಲ್ಲಿ.' ನೆತ್ತಿ ಮುಟ್ಟಿಕೊಂಡಳು.
'ಬಿಚ್ಚೋಣವೆಂದರೆ ಸ್ಕ್ರೂ ಇಲ್ಲ.
ನಿನ್ನದು ಯಾವಾಗ ನಿಲ್ಲುತ್ತದೆ?'

ಕೆಲಸ ನಿಲ್ಲಿಸಿದರೆ.

ನಕ್ಕಳು, ಹಲ್ಲಿನ ನಡುವೆ ಪೆನ್ಸಿಲಿನ ಹಳದಿ ಬಣ್ಣ.
'ನನ್ನದು ಶುರುವಾದದ್ದೇ
ಕೆಲಸ ನಿಲ್ಲಿಸಿದ ಮೇಲೆ. ತೊಂಬತ್ತೊಂದರಲ್ಲಿ.
ಮಗ್ಗ ನಿಂತವು, ಇದು ಹಿಡಿದುಕೊಂಡಿತು.'

ಫ್ರೇಮುಗಳನ್ನು ಅರವತ್ತಕ್ಕೆ ಕಟ್ಟಿಹಾಕಿದೆ. ಸಿಳ್ಳೆ ತುಸು ಕುಗ್ಗಿತು.
ಪೂರ್ತಿ ಹೋಗುವುದಿಲ್ಲವಂತೆ, ಕಾರ್ಡಿಗೆ ಅದರಿಂದ ಕೇಡೂ ಇಲ್ಲವಂತೆ.
ಅವಳು ಕೈಕಂಬಿ ಹಿಡಿದು ಇಳಿದುಹೋದಳು,
ಮೆತ್ತೆಯಿಲ್ಲದ ಎಡಗಾಲು ಟಕ್ಕೆಂದು, ಬಲಗಾಲು ಮೆತ್ತಗೆ,
ಟಕ್ಕೆಂದು, ಮೆತ್ತಗೆ,
ಎರಡನೇ ಮಹಡಿಯಲ್ಲಿ ಒಮ್ಮೆ ನಿಂತು, ಮತ್ತೆ ಟಕ್ಕೆಂದು.
ಅಯ್ಯೋ, ಅವಳ ಮನೆ ಮೂರರಲ್ಲಲ್ಲವೇ
ಎಂದು ನನಗೆ ಹೊಳೆಯುವಷ್ಟರಲ್ಲಿ
ಕೆಳಗೆ ಯಾರದೋ ಕದ ಬಡಿಯುತ್ತಿದ್ದಳು.