ಚಿಲ್ಲರೆ

ಅವಳು ಬಂದದ್ದು ಮಾರ್ಚಿನ ಕೊಳೆಹಿಮದಲ್ಲಿ,
ಮಿನಿಯಾಪೊಲಿಸ್ಸಿನಿಂದ ಐದು ಗಂಟೆ ಹಾದಿ,
ನಮ್ಮ ಕಡೆಗೆ ಒಗ್ಗದಷ್ಟು ತೊಳೆದ ಕಾರಿನಲ್ಲಿ.
ಮೊಳೆ ಬೇಕಿತ್ತೇ, ಅಂದೆ.
ಅಂಗಡಿ ಬೇಕಿತ್ತು, ಅಂದಳು.

ನಾನು ನಗಲಿಲ್ಲ. ಮಾರಾಟಕ್ಕಿದೆ ಎಂದು
ಕಿಟಕಿಗೆ ಅಂಟಿಸಿ ಮೂರು ವರ್ಷ ಆಗಿತ್ತು;
ಅಕ್ಷರವೆಲ್ಲ ಬಿಸಿಲು ತಿಂದು
ಬರೀ ಕಾಗದ, ಟೇಪು ಉಳಿದಿತ್ತು.

ಲೆಕ್ಕದ ಪುಸ್ತಕ ಕೇಳಿದಳು. ಕೊಟ್ಟೆ.
ನಲವತ್ತೊಂದು ವರ್ಷ, ಹದಿನೇಳು ಪುಸ್ತಕ,
ಉದ್ರಿಯದು ಬೇರೆ, ಹಸಿರು ರಟ್ಟಿನದು.
ಪೇಂಟು ಡಬ್ಬದ ಮೇಲೆ ಕೂತು, ಕೋಟೂ ತೆಗೆಯದೆ ಓದಿದಳು,
ಯಾರದೋ ಮನೆಯ ಕಾಗದ ಕೈಗೆ ಸಿಕ್ಕ ಹಾಗೆ.
"ಈ ಗ್ಲೆಂಡನ್ ಹಾಫರ್, ಎಂಟುನೂರ ಹನ್ನೆರಡು ಡಾಲರ್,
ಯಾವಾಗ ಕೊಡ್ತಾನೆ?"
ಕೊಡಲ್ಲ, ಸತ್ತ.
"ಮತ್ತೆ ಹೆಸರು ಹೊಡೆದು ಹಾಕಿಲ್ಲ ಯಾಕೆ?"
ಹೆಂಡತಿ ಇದ್ದಾಳಲ್ಲ. ಎಲೆ ಉದುರುವ ಕಾಲಕ್ಕೆ
ವರ್ಷಕ್ಕೊಂದು ಸೀಸೆ ಜಾಮ್ ತಂದಿಡ್ತಾಳೆ.
ಮಾರಿತ್ ಪೆನ್ಸಿಲ್ ತೆಗೆದು
ಜಾಮಿಗೂ ಒಂದು ಕಾಲಂ ಎಳೆದಳು.
ತಮಾಷೆಗೋ, ನಿಜಕ್ಕೋ, ಇವತ್ತಿಗೂ ತಿಳಿಯದು.

ಅಲ್ಲಿ ಅವಳಿಗೆ ಇಪ್ಪತ್ತಮೂರನೆ ಮಹಡಿ, ಕೈಕೆಳಗೆ ಅರವತ್ತು ಜನ,
ಕಾಫಿಯೂ ಯಾರೋ ತಂದುಕೊಡುತ್ತಿದ್ದರಂತೆ.
ಇಲ್ಲಿ ಮೊದಲ ವಾರ ಕೀ ಕೊರೆಯುವ ಯಂತ್ರದಲ್ಲಿ
ಒಂಬತ್ತು ಕೀ ಕೆಡಿಸಿದಳು.
ಹತ್ತನೆಯದು ತಿರುಗಿತು,
ಚರ್ಚಿನ ನೆಲಮಾಳಿಗೆಯದು.
ಅವತ್ತಿನ ಬೋಣಿ ಎರಡು ಡಾಲರ್ ಐವತ್ತು ಸೆಂಟು.
ಗಲ್ಲಾಕ್ಕೆ ಹಾಕುವ ಮುಂಚೆ
ಒಂದು ಗಳಿಗೆ ಮುಷ್ಟಿಯಲ್ಲೇ ಇಟ್ಟುಕೊಂಡಳು.
ನೋಡಿಲ್ಲವೆಂಬಂತೆ ನಾನು ಹಗ್ಗ ಸುತ್ತುತ್ತಿದ್ದೆ.

ಮಾರಿದವನು ಮನೆಯಲ್ಲಿರಬೇಕು, ನಿಜ.
ಏಳು ಹೊಡೆದರೆ ಕಾಲು ತಾನಾಗಿ ಈ ಕಡೆ ತಿರುಗುತ್ತದೆ.
ಸ್ಟೂಲು ಈಗಲೂ ನನ್ನದೇ; ಕರಾರಿನಲ್ಲಿಲ್ಲ,
ಅವಳು ತೆಗೆಸಿಯೂ ಇಲ್ಲ.
ಬಂದವರು ನನ್ನನ್ನೇ ಕೇಳುತ್ತಾರೆ, ವಾಷರು ಎಲ್ಲಿ ಎಂದು.
ಬಲಗಡೆ ಮೂರನೆ ಡ್ರಾಯರು, ಎನ್ನುತ್ತಾಳೆ ಅವಳು.
ತಪ್ಪು. ನಾಲ್ಕನೆಯದು.
ತುಟಿ ಕಚ್ಚಿ ಕೂರುತ್ತೇನೆ, ಹುಡುಕಲಿ.

ಜೂನಿನಲ್ಲಿ ಪಕ್ಕದೂರಿನ ಬಟ್ಟೆ ಒಗೆಯುವ ಅಂಗಡಿ ಕೊಂಡಳು,
ಆಮೇಲೆ ಬೇಟೆ ಸಾಮಾನಿನದು, ನಷ್ಟದ್ದೇ.
ಹಣ ಕುಡಿದಿದೆಯೋ ಇವಳಿಗೆ, ತಲೆ ಕೆಟ್ಟಿದೆಯೋ
ಎಂದು ಕಾಫಿ ಅಂಗಡಿಯ ಬೆಂಚು ಮಾತಾಡಿಕೊಂಡಿತು.

ಅಕ್ಟೋಬರಿನ ಒಂದು ಸಂಜೆ,
ಗಲ್ಲಾ ಎಣಿಸುತ್ತ, ತಲೆ ಎತ್ತದೆ ಹೇಳಿದಳು:
"ಎದುರಿಗಿರೋ ಆ ಖಾಲಿ ದಿನಸಿ ಅಂಗಡಿ,
ಹನ್ನೊಂದು ವರ್ಷದ ಹಿಂದೆ, ಮುಚ್ಚಿಸಿದ್ದು ನಾನು.
ನಾನೂರ ಆರು ಸಾಲಿನ ಪಟ್ಟಿ,
ಇದು ಇನ್ನೂರ ಹದಿನೆಂಟನೆಯದು.
ಊರಿನ ಹೆಸರೂ ಓದಿರಲಿಲ್ಲ.
ಸಾಲು ಕೆಂಪು ಮಾಡಿ ಊಟಕ್ಕೆ ಹೋದೆ.
ಈಗ ಕಟ್ಟಡ ಕೇಳಿದ್ದೇನೆ,
ಬ್ಯಾಂಕು ಇನ್ನೂ ಏನೂ ಅಂದಿಲ್ಲ."

ಅಲ್ಲಿ ಗಲ್ಲಾದಲ್ಲಿ ನನ್ನ ಲಿಯೋನಾ
ಹತ್ತೊಂಬತ್ತು ವರ್ಷ ನಿಂತವಳು.
ಬಟಾಣಿ ಡಬ್ಬಿಯ ಬೆನ್ನು ನೋಡಿಯೇ ಬೆಲೆ ಹೇಳುವವಳು.
ಮುಚ್ಚಿದ ಮೇಲೆ, ಮನೆಯಲ್ಲಿ, ಸೂಪು ಬಡಿಸುತ್ತ
"ಒಂದು ಎಂಬತ್ತೊಂಬತ್ತು," ಅನ್ನುತ್ತಿದ್ದಳು ನನಗೆ,
ಮೊದಮೊದಲು ತಮಾಷೆಗೆ.

ಹೇಳಬಹುದಿತ್ತು.
ಹೊರಗೆ ಗೋಧಿ ಲಾರಿಗಳು ಸಾಲಾಗಿ ಹೋದವು,
ಕಿಟಕಿಯ ಗಾಜು ಅದುರಿತು.
"ಮೂವತ್ತೈದು ಸೆಂಟು ಕಮ್ಮಿ ಬರ್ತಿದೆ," ಅಂದಳು.
ಮತ್ತೆ ಎಣಿಸು.
ಎಣಿಸಿದಳು. ಮತ್ತೂ ಕಮ್ಮಿ.
ಜೇಬಿನಲ್ಲಿ ಇತ್ತು ನನ್ನ ಹತ್ತಿರ,
ಒಂದು ಕ್ವಾರ್ಟರು, ಒಂದು ಡೈಮು, ಸರಿಯಾಗಿ ಅಷ್ಟೇ.
ಬೆರಳಲ್ಲಿ ತಿರುವುತ್ತ ಕೂತೆ. ಹಾಕಲಿಲ್ಲ.
ಕಮ್ಮಿ ಎಂದೇ ಬರೆದಳು ಪುಸ್ತಕದಲ್ಲಿ,
ತಿದ್ದದೆ, ಯಾರನ್ನೂ ದೂರದೆ.

ಟೋಪಿ ಹಾಕಿಕೊಂಡು ಬಾಗಿಲವರೆಗೆ ಹೋದವನು ನಿಂತೆ.
ವಾಷರು, ಅಂದೆ,
ಮೂರನೆಯದಲ್ಲ.
ನಾಲ್ಕನೆ ಡ್ರಾಯರು.