ಐವತ್ತು ಡಿಗ್ರಿ

ಕುದಿಯುವ ಅಗಾರಿಗೆ ಹಾಕಿದರೆ ತತ್ತಿ ಬೇಯುತ್ತೆ,
ಮದ್ದಿನ ಕಸುವೂ ಇಳಿಯುತ್ತೆ.
ತೀರ ಆರಿದರೆ ಫ್ಲಾಸ್ಕಿನಲ್ಲೇ ಗಡ್ಡೆ.
ಥರ್ಮಾಮೀಟರ್ ಇದೆ. ಆದರೂ ಶಾಹಿದಕ್ಕ
ಮಣಿಕಟ್ಟಿಗೆ ಒತ್ತಿ ನೋಡುತ್ತಾಳೆ
ಕೂಸಿನ ಹಾಲು ನೋಡುವ ಹಾಗೆ.
‘ಈಗ’ ಅನ್ನುತ್ತಾಳೆ. ಐವತ್ತು.

ತತ್ತಿ ಒಡೆಯುವವಳು ನಾನು.
ಲಿಂಗ ಕಟ್ಟಿಕೊಂಡ ಮನೆ ನಮ್ಮದು,
ಹೊಸ್ತಿಲೊಳಗೆ ಒಂದೂ ಬಂದಿಲ್ಲ.
‘ನಿನ್ನ ಕೈಯೇ ಹಗುರ’ ಅಂತ ನಗುತ್ತಾಳೆ ಅಕ್ಕ,
ನಾನು ಬಿಳಿ ಸೋಸಿ ಹಳದಿ ಉಳಿಸುತ್ತೇನೆ.

ಮದ್ದಿನ ಸೀಸೆ ಹೆಬ್ಬೆರಳಷ್ಟು,
ತಳದಲ್ಲಿ ಉಪ್ಪಿನಂಥ ಬಿಳಿ ಚೂರು.
ನೀರು ಬಿಟ್ಟು ಅಂಗೈಲಿ ಉರುಳಿಸಬೇಕು,
ಕುಲುಕಬಾರದು.
ನೊರೆ ಎದ್ದರೆ ನಾಳೆ ಗುಳ್ಳೆ ಎಣಿಸುತ್ತ ಕೂರಬೇಕು.

ಸ್ಯಾಂಪಲ್ಲು ವಿದ್ಯಾನಗರದ ಹಾಸ್ಟೆಲ್ಲಿನ ಚಿತ್ರಾನ್ನ:
ರಾತ್ರಿಯ ಅನ್ನ, ಬೆಳಗಿನ ಒಗ್ಗರಣೆ,
ಹತ್ತು ಗಂಟೆಗೆಲ್ಲ ನಲವತ್ತು ಹುಡುಗೀರ ವಾಂತಿ.
ಅಡುಗೆಯ ಕೊಟ್ರಬಸಮ್ಮ ನಮ್ಮ ಮೆಟ್ಟಿಲ ಮೇಲೆ:
‘ನಿಂಬೆಹಣ್ಣು ಹಿಂಡೀನ್ರೀ, ಹುಳಿ ಇದ್ದಲ್ಲಿ ಏನಾಗ್ತದ?’

ಒಂದು ಹನಿಯಲ್ಲಿ ಮಂಡಿಪೇಟೆ.
ಎಲ್ಲ ಒಟ್ಟಿಗೆ ಕೂಗಿದರೆ ಯಾರ ದನಿ ಯಾರದು?
ಅದಕ್ಕೇ ಮದ್ದು, ಉಳಿದವರ ಬಾಯಿ ಕಟ್ಟಲಿಕ್ಕೆ.
ಮದ್ದಿಗೆ ಬಗ್ಗದವನು ಎದ್ದು ನಿಲ್ಲುತ್ತಾನೆ,
ನಾವು ಹುಡುಕುವುದು ಅವನನ್ನೇ.

ಸೀಸೆಯ ಮೇಲಿನ ಹೆಸರು ಪಾಲಿಮಿಕ್ಸಿನ್.
ಹೋದ ಶ್ರಾವಣದಲ್ಲಿ ಇದೇ ಹೆಸರಿನ ಚೀಟಿ ಹಿಡಿದು
ಪಿ.ಬಿ. ರಸ್ತೆಯ ಔಷಧಿ ಅಂಗಡಿಗಳನ್ನು ಅಲೆದಿದ್ದೆ.
ಐಸಿಯುನಲ್ಲಿ ಚಿಕ್ಕಪ್ಪ,
ಮಿಲ್ಲಿನ ಸೈರನ್ನು ನಿಂತು ಅಷ್ಟು ವರ್ಷವಾದರೂ
ಅದರ ಹೊತ್ತಿಗೇ ಏಳುತ್ತಿದ್ದವನು.
ಮೂರು ದಿನ ಹನಿ ಹನಿ.
ಆಮೇಲೆ ರಿಪೋರ್ಟು ಬಂತು,
ಆ ಹೆಸರಿನ ಮುಂದೆ ‘ಆರ್’ ಅಂತ ಒಂದಕ್ಷರ.
ಮನೆಯಲ್ಲಿ ಅದನ್ನು ಓದಲು
ನನಗೊಬ್ಬಳಿಗೇ ಬರುತ್ತಿತ್ತು.

ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ
ತಟ್ಟೆ ತುಂಬ ಗುಲಾಬಿ ಚುಕ್ಕೆ,
ಸುತ್ತ ಕದಡಿದ ಬಿಳಿ ಉಂಗುರ.
‘ಬಂತು ನೋಡು’ ಅಕ್ಕನ ದನಿಯಲ್ಲಿ ಹುರುಪು,
ನನ್ನದರಲ್ಲೂ.
ಯಾವುದಕ್ಕೆ ಅಲ್ಲಿ ಅತ್ತೆನೋ
ಅದಕ್ಕೇ ಇಲ್ಲಿ ಕಾದಿದ್ದೆ.

ಕೊಟ್ರಬಸಮ್ಮ ಇವತ್ತೂ ಬಂದಿದ್ದಾಳೆ,
ಗಾಜಿನಾಚೆ ಎರಡೂ ಅಂಗೈ ತಿರುಗಿಸಿ ತೋರಿಸುತ್ತಾಳೆ:
‘ನನ್ನ ಕೈದೇನ್ರೀ?’
ಕೈದಲ್ಲಮ್ಮ, ಅಕ್ಕಿಯಲ್ಲೇ ಮಲಗಿತ್ತು,
ಮುಚ್ಚಿದ ಹಂಡೆಯ ಬೆಚ್ಚಗೆ ಎಬ್ಬಿಸಿತು.
ರಿಪೋರ್ಟಿನಲ್ಲಿ ಇದಕ್ಕೆ ಕಾಲಮ್ಮಿಲ್ಲ.

ತಟ್ಟೆ ಬೋರಲು ಹಾಕಿ, ಮಾರ್ಕರಿನಿಂದ
ಒಂದೊಂದಕ್ಕೂ ಬೊಟ್ಟಿಟ್ಟು ಎಣಿಸುತ್ತೇನೆ.
ಅರವತ್ತೆರಡಕ್ಕೆ ತಪ್ಪಿತು.
ಮತ್ತೆ ಮೊದಲಿಂದ.