ಕುಂಟೋಬಿ ಹೊಲ

ಕಾಯಿ ಬೇಡ, ಬೇರು ಕೊಡಿ ಅಂದೆ.
ಪಾಲಮ್ಮ ಕುರ್ಪಿ ಕೆಳಗಿಟ್ಟಳು.
ನನ್ನನ್ನೂ, ನನ್ನ ಕೈಯ ಪ್ಲಾಸ್ಟಿಕ್ ಚೀಲವನ್ನೂ,
ಚೀಲದ ಮೇಲೆ ಬರೆದಿದ್ದ ತಾರೀಖನ್ನೂ
ಒಂದೊಂದಾಗಿ ನೋಡಿದಳು.
ಪರಶುರಾಂಪುರದ ರಸ್ತೆಯಲ್ಲಿ ಇಷ್ಟು ದೂರ ಬಂದು
ಶೇಂಗಾ ಬಿಟ್ಟು ಮಣ್ಣು ಕೇಳುವವರನ್ನು
ಅವಳು ಅದೇ ಮೊದಲು ಕಂಡದ್ದು.

ಬುಡ ಹಿಡಿದು ಕಿತ್ತಳು. ಅಭ್ಯಾಸಬಲ,
ಮೊಣಕಾಲಿಗೆ ಬಡಿಯಲು ಹೋದಳು.
ಕೊಡವಬೇಡಮ್ಮ! ಕೂಗಿಬಿಟ್ಟೆ,
ಹಾಲಿನ ಪಾತ್ರೆ ಓರೆಯಾದಂತೆ.
ಅಂಟಿಕೊಂಡಿರೋದೇ ಬೇಕು.
ಉದುರಿದ್ದು ಬರೀ ಹೊಲ.

ನೀರು ಕೊಡುತ್ತ ಕೇಳಿದಳು: ಯಾವ ಪೈಕಿ ನೀವು?
ಹೇಳಿದೆ.
ಚೊಂಬು ಅರೆಗಳಿಗೆ ಗಾಳಿಯಲ್ಲಿ ನಿಂತು
ಆಮೇಲೆ ನನ್ನ ಕೈಗೆ ಬಂತು.

ಹೊಲಕ್ಕೆ ಹೆಸರುಂಟಾ? ಪುಸ್ತಕದಲ್ಲಿ ಅದಕ್ಕೊಂದು ಖಾನೆಯಿತ್ತು.
ಕುಂಟೋಬಿ ಹೊಲ.
ಯಾರು ಓಬಿ?
ಯಾರಿಗೆ ಗೊತ್ತವ್ವ. ಕುಂಟ್ತಿದ್ಲು ಅನ್ನೋದೊಂದು ಉಳಕಂಡೈತೆ.

ದುರ್ಗದಲ್ಲಿ, ಕಾಲೇಜಿನ ಹಿಂಬದಿಯ ಕೋಣೆಯಲ್ಲಿ
ಒಂದು ಗ್ರಾಂ ಮಣ್ಣು ಹತ್ತರಲ್ಲೊಂದಾಗಿ, ನೂರರಲ್ಲೊಂದಾಗಿ,
ಲಕ್ಷದಲ್ಲೊಂದಾಗಿ ತೆಳುವಾಗುತ್ತ ಹೋಯಿತು.
ಕೊನೆಯ ಕೊಳವೆಯ ನೀರು ನೀರಿನಷ್ಟೇ ತಿಳಿ;
ಏನೂ ಇಲ್ಲವೆಂದು ಆಣೆ ಮಾಡಬಹುದಿತ್ತು.
ಹರಡಿ ಮುಚ್ಚಿಟ್ಟೆವು. ಎರಡನೆಯ ದಿನಕ್ಕೇ ಎದ್ದವು
ಅವಸರದವು, ದಪ್ಪನೆಯವು, ಪರಿಚಯದ ಮುಖಗಳು,
ಮದುವೆಯೂಟದ ಮೊದಲ ಪಂಕ್ತಿಯವರು.
ಐದಕ್ಕೆ ತಟ್ಟೆ ಬಿಸಾಡಬೇಕು. ಮುಬೀನಾ ಮರೆತಳು.
ಮರೆತೆ ಎಂದು ಇವತ್ತಿಗೂ ಒಪ್ಪುವುದಿಲ್ಲ.
ಒಂಬತ್ತನೆಯ ದಿನ, ಅಂಚಿನಲ್ಲಿ,
ರಾಗಿಕಾಳಿಗಿಂತ ಸಣ್ಣದು, ಹಳೆ ಬೆಣ್ಣೆಯ ಬಣ್ಣದ್ದು,
ಒಂದು ಚುಕ್ಕೆ.

ನಾವೂ ಅದನ್ನೇ ಕೇಳಿದೆವು: ಯಾವ ಪೈಕಿ ನೀನು?
ನೇರಳೆ ಬಣ್ಣ ಕುಡಿಸಿದೆವು; ಉಗುಳಲಿಲ್ಲ.
ಉಪ್ಪು ಹಾಕಿದೆವು; ತಡೆಯಿತು.
ಹನ್ನೊಂದು ಬಗೆಯ ಸಕ್ಕರೆ ಬಡಿಸಿದೆವು; ಮೂರನ್ನು ಮುಟ್ಟಿತು.
ನಲವತ್ತೈದು ಡಿಗ್ರಿಯಲ್ಲಿ ಕೂಡಿಹಾಕಿದೆವು.
ಚಳ್ಳಕೆರೆಯ ಏಪ್ರಿಲ್ ಕಂಡದ್ದಕ್ಕೆ ಅದೊಂದು ಲೆಕ್ಕವೇ?
ವಂಶದ ಅಕ್ಷರ ಓದಿಸಿದೆವು, ಸಾವಿರದೈನೂರು.
ಅತಿ ಹತ್ತಿರದ ನೆಂಟ ನೂರಕ್ಕೆ ತೊಂಬತ್ತಾರೂ ಚಿಲ್ಲರೆ.
ಆ ಚಿಲ್ಲರೆಯ ಮುಂದೆ ಕೂತು
ಮುಬೀನಾ ಮೂರು ಸಲ ಕೂಡಿ ಕಳೆದಳು.
ಮೇಡಂ, ಅಂದಳು ಕೊನೆಗೆ,
ಇದನ್ನ ಇದುವರೆಗೆ ಯಾರೂ ಕರೆದಿಲ್ಲ.

ಕರೆಯಲಿಕ್ಕೂ ಕಾನೂನು.
ಜೀವಂತವಾಗಿ ಎರಡು ದೇಶದ ಭಂಡಾರಕ್ಕೆ ಒಪ್ಪಿಸಬೇಕು.
ಪಾರ್ಸೆಲ್ಲಿನವನು ಡಬ್ಬಿ ಅಲ್ಲಾಡಿಸಿ ಬೆಲೆ ಕೇಳಿದ.
ಸೊನ್ನೆ ಎಂದು ಬರೆದೆ. ಸೊನ್ನೆ ನಡೆಯಲ್ಲ ಅಂದ.
ತಿದ್ದಿದೆ: ಹತ್ತು ರೂಪಾಯಿ.
ಹೆಸರು ಲ್ಯಾಟಿನ್ನಿನ ಉಡುಪಿನಲ್ಲಿರಬೇಕು.
ನಮ್ಮದನ್ನು ನಾವೇ ಇಟ್ಟುಕೊಂಡರೆ ಮರ್ಯಾದೆಯಲ್ಲ.
ಮುಖ್ಯಸ್ಥರು ಕೋಟೆಯದಿರಲಿ ಅಂದರು;
ಕೋಟೆಗೇನು ಹೆಸರಿನ ಬರವೇ.
ಮುಬೀನಾ ಪಾಲಮ್ಮನದು ಅಂದಳು.
ಫೋನಿನಲ್ಲಿ ಪಾಲಮ್ಮ ನಕ್ಕಳು:
ನಂದ್ಯಾತಕ್ಕವ್ವ, ಇನ್ನೂ ಬದುಕಿದೀನಲ್ಲ.

ಹೆಂಗಸಿನ ಹೆಸರಿಗೆ ಆ ಭಾಷೆಯ ಷಷ್ಠಿ ಹತ್ತಿದರೆ
ಬಾಲಕ್ಕೊಂದು ಏಕಾರ ಬೆಳೆಯುತ್ತದಂತೆ.
ಹಚ್ಚಿ ನೋಡಿದೆ:
ಓಬಿಯೇ.
ಅವರ ಲೆಕ್ಕದಲ್ಲಿ ಅದು ಓಬಿಯದು, ಅಷ್ಟೇ.
ನಾವು ಬಾಯಿಬಿಟ್ಟು ಓದಿದರೆ
ಕೋಣೆಯಲ್ಲಿ ಯಾರೋ ಗುರುತು ಹಿಡಿದ ಹಾಗೆ.
ಬೇರೆ ಯಾರೂ ಅಲ್ಲ,
ಓಬಿಯೇ.

ಅದೂ ಕುಂಟುತ್ತಾ? ಪಾಲಮ್ಮ ಕೇಳಿದಳು.
ಫೋನು ಕಿವಿಯಲ್ಲೇ ಇತ್ತು, ಕಣ್ಣು ಮಸೂರಕ್ಕೆ ಕೊಟ್ಟೆ.
ಹನಿಯ ಬೆಳಕಿನಲ್ಲಿ ಕಡ್ಡಿಯಂಥ ಮೈ:
ತುಸು ನೇರ ಹೋಗಿ, ತಡವರಿಸಿ, ಉರುಳಿ,
ಮತ್ತೊಂದು ದಿಕ್ಕಿಗೆ ತುಸು ನೇರ.
ಎಲ್ಲ ಹೀಗೇ ಚಲಿಸುತ್ತವೆ ಎಂದು
ಹನ್ನೆರಡು ವರ್ಷದಿಂದ ಪಾಠ ಮಾಡಿದ್ದೇನೆ.
ಹೌದಮ್ಮ, ಅಂದೆ. ಸ್ವಲ್ಪ.

ಆ ಕಡೆ ಸುಮ್ಮನಾಯಿತು. ಕೋಳಿ ಕೂಗಿತು.
ಆಮೇಲೆ ಪಾಲಮ್ಮ: ಆವತ್ತು ಕಿತ್ತ ಗಿಡದ್ದು
ಕಾಯಿ ಬಿಟ್ಟು ಹೋದ್ರಲ್ಲ,
ಒಣಗಿಸಿ ಎತ್ತಿಟ್ಟೀನಿ, ಹದಿನೇಳವೆ.
ಯಾವಾಗ ಬತ್ತೀರಿ?